ಬೊಳ್ಳಿಯ ಮೇಲೆ ಮುಚ್ಚಿದ ಬುಟ್ಟಿ

ತಂಗಿಯ ಕೋಳಿಯನ್ನು ನಾನು ಒಂದೇ ಒಂದು ಮಧ್ಯಾಹ್ನ ನೋಡಿಕೊಳ್ಳಬೇಕಿತ್ತು. ನೋಡಿಕೊಳ್ಳಲಿಲ್ಲ. ಆಮೇಲಾದರೂ ಬಾಯಿ ಬಿಡಬೇಕಿತ್ತು. ಇಪ್ಪತ್ತೈದು ವರ್ಷ ಬಿಡಲಿಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆದು ಅಭ್ಯಾಸವಿಲ್ಲ. ಆದರೂ ಬರೆಯುತ್ತೇನೆ.

ಆಗೆಲ್ಲ ನಮ್ಮ ಪೆರಾಬೆಯ ಕಡೆ ಕೋಳಿಯನ್ನು ಕಾವಿಗೆ ಕೂರಿಸುವಾಗ ಅದರ ಅಡಿಗೆ ಮೊಟ್ಟೆ ಇಡುವುದು ಯಾರು ಎಂಬುದು ಸಣ್ಣ ಸಂಗತಿಯಾಗಿರಲಿಲ್ಲ. ಕೈಗುಣ ಇದ್ದವರು ಇಟ್ಟರೆ ಒಂದೂ ಹಾಳಾಗದೆ ಮರಿಯಾಗುತ್ತದೆ ಎಂದು ನಂಬುತ್ತಿದ್ದರು. ನನ್ನ ತಂಗಿ ಯಶೋದೆಗೆ ಆಗ ಒಂಬತ್ತು ವರ್ಷ, ನನಗೆ ಹನ್ನೆರಡು. ಅವಳ ಕೈಗುಣದ ಮಾತು ನಾಲ್ಕು ಮನೆಗಳಲ್ಲಿ ಇತ್ತು. ಆಚೆಮನೆಯ ಕಮಲಕ್ಕ ಬೇಲಿಯ ಹತ್ತಿರ ಬಂದು ಕರೆಯುತ್ತಿದ್ದರು.

"ಯಶೂ, ಬಾ ಮಗಾ. ಹನ್ನೊಂದು ಮೊಟ್ಟೆ ಉಂಟು, ನೀನೇ ಇಡ್ಬೇಕು."

ಒಮ್ಮೆ ನಾನೂ ಜೊತೆಗೆ ಹೋಗಿ, "ಈ ಸಲ ನಾನು ಇಡ್ತೇನೆ ಕಮಲಕ್ಕ" ಎಂದೆ.

"ನೀನಾ? ನೀನು ಇಟ್ರೆ ಆಮ್ಲೆಟ್ಟೇ ಆಗುದು ಮಾರಾಯ್ತಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಹಾಗೆ ಹುಟ್ಟಿದ ಮರಿಗಳಲ್ಲಿ ಒಂದನ್ನು ಕಮಲಕ್ಕ ಯಶುವಿಗೇ ಕೊಟ್ಟರು. ಬಿಳೀ ಮರಿ. ಬೊಳ್ಳಿ ಎಂದು ಹೆಸರಿಟ್ಟಳು. ನಾವು ಜಗಲಿಯಲ್ಲಿ ಕಲ್ಲಾಟ ಆಡುವಾಗ ಅದು ಬಂದು ನಮ್ಮ ಕಲ್ಲುಗಳನ್ನೇ ಕುಕ್ಕಿ ನೋಡುತ್ತಿತ್ತು. ಗಂಜಿ ಉಣ್ಣುವಾಗ ಅವಳ ಬಟ್ಟಲಿನ ಅಂಚಿಗೇ ಬಾಯಿ ಹಾಕುತ್ತಿತ್ತು.

ಬೇಸಿಗೆ ರಜೆಯಲ್ಲಿ ಬೊಳ್ಳಿ ಮೊದಲ ಮೊಟ್ಟೆ ಇಟ್ಟಿತು. ಅಷ್ಟು ಎಳೆಯ ಕೋಳಿಗೆ ತೀರ ದೊಡ್ಡ ಮೊಟ್ಟೆ, ಮೇಲೆ ರಕ್ತದ ಗೆರೆ. ಸಂಜೆ ನೋಡಿದರೆ ಹಿಂದೆ ನೆಲ್ಲಿಕಾಯಿಯಷ್ಟು ಕೆಂಪು ಮಾಂಸ ಹೊರಗೆ ಬಂದಿತ್ತು. ಯಶು ಅಳುತ್ತಾ ಅಮ್ಮನ ಹತ್ತಿರ ಓಡಿದಳು.

"ಅಳ್ಬೇಡ. ಒಳಗಿದ್ದದ್ದು ಜಾರಿ ಹೊರಗೆ ಬಂದದ್ದು. ತೊಳೆದು ಒಳಗೆ ಹಾಕುವ. ನೀನೇ ಹಾಕು, ನಿನ್ನ ಬೆರಳು ಸಪೂರ."

ಅಮ್ಮ ಕೋಳಿಯನ್ನು ಮಡಿಲಲ್ಲಿ ಹಿಡಿದಳು. ಯಶು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬಾವು ಇಳಿಯಲೆಂದು ಸಕ್ಕರೆ ಉದುರಿಸಿ ಕಾದಳು. ಮತ್ತೆ ತೊಳೆದು, ಬೆರಳಿಗೆ ತೆಂಗಿನೆಣ್ಣೆ ಹಚ್ಚಿ, ಉಸಿರು ಬಿಗಿಹಿಡಿದು ಮೆಲ್ಲ ಮೆಲ್ಲ ಒಳಗೆ ಒತ್ತಿದಳು. ಎಣ್ಣೆ ಮತ್ತು ಹಸಿ ರಕ್ತದ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಮಾಂಸ ಒಳಗೆ ಹೋಗಿ ನಿಂತಿತು. ಅಮ್ಮ ಬೊಳ್ಳಿಯನ್ನು ಕೊಟ್ಟಿಗೆಯ ಮೂಲೆಯಲ್ಲಿ ಬಿದಿರಿನ ಬುಟ್ಟಿಯಡಿ ಮುಚ್ಚಿ, ಮೇಲೆ ಗೋಣಿ ಹಾಕಿದಳು.

"ನಾಲ್ಕು ದಿನ ಕತ್ತಲೆಯಲ್ಲೇ ಇರ್ಲಿ. ಬೆಳಕು ಕಂಡ್ರೆ ಪುನಃ ಮೊಟ್ಟೆ ಇಡ್ಲಿಕ್ಕೆ ತಿಣುಕುತ್ತದೆ. ಬೇರೆ ಕೋಳಿಗಳ ಒಟ್ಟಿಗಂತೂ ಬಿಡ್ಲೇಬಾರ್ದು. ಕೆಂಪು ಕಂಡ್ರೆ ಕುಟ್ಟಿ ಕೊಲ್ತವೆ."

ಅದನ್ನು ನಾನೂ ಕೇಳಿಸಿಕೊಂಡಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಮೂರನೆಯ ದಿನ ಯಶುವಿಗೆ ಹಲ್ಲುನೋವು. ಅಮ್ಮ ಅವಳನ್ನು ಕಡಬಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ಊದಿದ ಕೆನ್ನೆ ಹಿಡಿದುಕೊಂಡೇ ಯಶು ತಿರುಗಿ ಬಂದಳು.

"ಅಕ್ಕಾ, ಬುಟ್ಟಿ ತೆಗಿಬೇಡ ಆಯ್ತಾ? ನೀರು ಮಾತ್ರ ಇಡು."

"ಆಯ್ತು ಮಾರಾಯ್ತಿ, ಹೋಗು. ನಿನ್ನ ಕೋಳಿ ಎಂತ ಮದುಮಗಳಾ?"

ಅವರು ಹೋದ ಸ್ವಲ್ಪ ಹೊತ್ತಿಗೆ ಗುಡ್ಡದ ಮೇಲಿಂದ ಗೆಳತಿಯರು ಕೂಗಿದರು. ಹೆಬ್ಬಲಸು, ಮುಷ್ಟಿಯಷ್ಟೇ ಇರುವ ಕಾಡುಹಲಸು, ಹಣ್ಣಾಗಿ ಬಿದ್ದಿತ್ತು. ಚೀಲದಲ್ಲಿ ತಂದರೆ ಅಪ್ಪಚ್ಚಿಯಾಗುವ ಹಣ್ಣು ಅದು, ಬುಟ್ಟಿಯೇ ಬೇಕು. ಮನೆಯಲ್ಲಿ ಖಾಲಿ ಇದ್ದದ್ದು ಒಂದೂ ಇಲ್ಲ. ನಾನು ಗೋಣಿ ತೆಗೆದೆ, ಬೊಳ್ಳಿಯನ್ನು ಎತ್ತಿ ಉಳಿದ ಕೋಳಿಗಳಿದ್ದ ಗೂಡಿಗೆ ಹಾಕಿ ಬಾಗಿಲು ಮುಚ್ಚಿದೆ. ಅರ್ಧ ಗಂಟೆ ಅಷ್ಟೇ ಅಂದುಕೊಂಡೆ. ಬುಟ್ಟಿಯ ಆಸೆ ಮಾತ್ರವೇ ಆಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳ ಕೋಳಿಗೆ ಇಷ್ಟೆಲ್ಲ ಮರ್ಯಾದೆಯಾ ಎಂಬ ಉರಿಯೂ ಇತ್ತು.

ಅಂಟು ಅಂಟಾದ ಕೈಯಲ್ಲಿ, ಬಾಯಿ ತುಂಬ ಹೆಬ್ಬಲಸಿನ ಸಿಹಿ ಇಟ್ಟುಕೊಂಡು ಮನೆಗೆ ಬರುವಾಗ ಎರಡು ಗಂಟೆ ಕಳೆದಿತ್ತು. ಗೂಡಿನ ಮೂಲೆಯಲ್ಲಿ ಬೊಳ್ಳಿ ಮುದುಡಿತ್ತು. ಹಿಂದಿನ ಬಿಳಿ ಗರಿಯೆಲ್ಲ ಕೆಂಪು. ಎರಡು ಕೋಳಿಗಳು ಇನ್ನೂ ಕುಟ್ಟುತ್ತಲೇ ಇದ್ದವು.

ಉಸಿರು ಇತ್ತು. ಕಮಲಕ್ಕನನ್ನು ಒಂದು ಕೂಗು ಕೂಗಿದ್ದರೆ ಉಳಿಯುತ್ತಿತ್ತೋ ಏನೋ. ನಾನು ಕೂಗಲಿಲ್ಲ. ರಕ್ತ ತೊಳೆದೆ, ಗರಿ ಒರೆಸಿದೆ, ಹಣ್ಣುಗಳನ್ನು ನೆಲಕ್ಕೆ ಸುರಿದು ಅದೇ ಬುಟ್ಟಿಯಡಿ ಅದನ್ನು ಮುಚ್ಚಿ ಮೇಲೆ ಗೋಣಿ ಹಾಕಿದೆ. ಮೊದಲಿದ್ದ ಹಾಗೆಯೇ.

ಕಡಬದಿಂದ ಬಂದ ಯಶು ಕಾಲು ಕೂಡ ತೊಳೆಯದೆ ಕೊಟ್ಟಿಗೆಗೆ ಓಡಿದಳು. ಬುಟ್ಟಿ ಎತ್ತಿದಳು. ಬೊಳ್ಳಿ ಸತ್ತಿತ್ತು.

ಅಮ್ಮ ಬಗ್ಗಿ ನೋಡಿ, "ಪುನಃ ಹೊರಗೆ ಬಂದು ಹರಿದಿದೆ. ಮೊನ್ನೆ ಒತ್ತಿದ್ದು ಜೋರಾಯ್ತೋ ಏನೋ" ಎಂದಳು. ಬೈದದ್ದಲ್ಲ, ಸುಮ್ಮನೆ ಬಾಯಿಗೆ ಬಂದ ಮಾತು.

ಯಶು ತನ್ನ ಬೆರಳುಗಳನ್ನು ನೋಡಿಕೊಂಡಳು. "ನಾನು ಮೆಲ್ಲ ಒತ್ತಿದ್ದಮ್ಮ" ಎಂದಳು. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಆ ಸಂಜೆ ಹೆಬ್ಬಲಸಿನ ಬೀಜ ಹುರಿದಾಗ ಅವಳ ಪಾಲನ್ನು ನಾನೇ ತೆಗೆದಿಟ್ಟೆ. ಅವಳು ಮುಟ್ಟಲಿಲ್ಲ.

ಮುಂದಿನ ಸಲ ಕಮಲಕ್ಕ ಕರೆದಾಗ ಯಶು ಹೋಗಲಿಲ್ಲ. "ನನ್ನ ಕೈ ಬೇಡ ಕಮಲಕ್ಕ" ಎಂದಳು. ಸೌತೆ ಬೀಜ ಹಾಕಲೂ ತನ್ನ ಕೈ ಬೇಡವೆಂದಳು. ನನ್ನ ಮಗಳು ಹುಟ್ಟಿದಾಗ ಬಾಗಿಲಲ್ಲೇ ನಿಂತು ನೋಡಿದಳು, ಎತ್ತಿಕೊಳ್ಳಲಿಲ್ಲ. ಅಮ್ಮ ನಿಜ ತಿಳಿಯದೆಯೇ ತೀರಿಕೊಂಡಳು. ಕಮಲಕ್ಕನೂ ಹೋದರು. ಕಾವಿಗೆ ಮೊಟ್ಟೆ ಇಡಲು ಯಾರನ್ನೂ ಕರೆಯುವ ಕ್ರಮ ಈಗಿಲ್ಲ. ಕೋಳಿ ಪೇಟೆಯಿಂದ ತುಂಡಾಗಿ ಬರುತ್ತದೆ. ಅದೆಲ್ಲ ಕಾಲದ ಜೊತೆ ಹೋದದ್ದು, ಹೋಗಲಿ. ಒಂದು ಮಗುವಿನ ಕೈಗುಣವನ್ನು ಮಾತ್ರ ಕಾಲ ತೆಗೆದದ್ದಲ್ಲ.

ಕಳೆದ ತಿಂಗಳು ಯಶು ಕೋಡಿಂಬಾಳದ ಗಂಡನ ಮನೆಯಿಂದ ಬಂದಿದ್ದಳು. ನನ್ನ ಮಗಳು ಆಸೆಯಿಂದ ಸಾಕಿದ ಕೋಳಿ ಕಾವಿಗೆ ಕೂತಿತ್ತು. ಮೊಟ್ಟೆಗಳನ್ನು ಲಂಗದಲ್ಲಿ ತುಂಬಿಕೊಂಡು ಅವಳು, "ಚಿಕ್ಕಮ್ಮ, ನೀವು ಇಡಿ" ಎಂದಳು.

ಯಶು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನ ಕೈ ಬೇಡ ಮಗಾ."

ನಾನು ಹೋಗಿ ಸೆರಗಿನೊಳಗಿಂದ ಆ ಕೈಗಳನ್ನು ಹೊರಗೆ ತೆಗೆದು ಹಿಡಿದುಕೊಂಡೆ.

"ಯಶೂ, ಅವತ್ತು ಬುಟ್ಟಿ ತೆಗೆದದ್ದು ನಾನು. ಬೊಳ್ಳಿಯನ್ನು ಗೂಡಿಗೆ ಹಾಕಿದ್ದು ನಾನು. ಕೋಳಿಗಳು ಕುಟ್ಟಿ ಕೊಂದದ್ದು. ತೊಳೆದು ಪುನಃ ಮುಚ್ಚಿಟ್ಟದ್ದೂ ನಾನೇ. ನಿನ್ನ ಕೈ ಎಂತ ತಪ್ಪೂ ಮಾಡ್ಲಿಲ್ಲ. ನನ್ನದು ತಪ್ಪಾಯ್ತು ಯಶೂ."