ಬ್ಯಾಂಡ್ ಮಾಸ್ತರರ ಹಗುರ ವಾದ್ಯ

ನನ್ನ ಮೊಮ್ಮಗಳು ಒಂದು ವಾದ್ಯ ಮಾಡಿದ್ದಾಳೆ. ಕೊಂಡದ್ದಲ್ಲ, ಮಾಡಿದ್ದು! ತರಕಾರಿಯವನಿಗೆ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಹೇಳಿ ಹೇಳಿ ನಾಗಪುರದ ನಮ್ಮ ಮನೀಶ್ ನಗರದಲ್ಲಿ ಕೇಳುವವರೇ ಮುಗಿದುಹೋದರು. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ತಪ್ಪು ಕಂಡರೆ ನೀವೇ ತಿದ್ದಿಕೊಂಡು ಮುಂದೆ ಓದಿ.

ಶುರುವಾದದ್ದು ಮೆಣಸಿನಕಾಯಿಯಿಂದ. ಯಜಮಾನರು ಆಯುಧ ಕಾರ್ಖಾನೆಯ ನೌಕರಿಗೆಂದು ನನ್ನನ್ನು ಗದಗಿನಿಂದ ಇಲ್ಲಿಗೆ ಕರೆತಂದಾಗಿನಿಂದಲೂ ವರ್ಷದ ಖಾರಕ್ಕೆ ನಾನು ಕಳಮನಾ ಮಾರುಕಟ್ಟೆಗೇ ಹೋಗುವುದು. ಈ ಸಲ ಎಂಜಿನಿಯರಿಂಗ್ ಓದುವ ಮೊಮ್ಮಗಳು ಸ್ಕೂಟಿಯಲ್ಲಿ ಕೂರಿಸಿಕೊಂಡು ಹೋದಳು. ಮೆಣಸಿನ ಘಾಟಿಗೆ ಇಬ್ಬರಿಗೂ ಸೀನು ಹತ್ತಿಕೊಂಡಿತು, ನಿಲ್ಲಲೊಲ್ಲದು. ಬರುವ ದಾರಿಯಲ್ಲಿ ಒಂದು ಮದುವೆ ಬ್ಯಾಂಡಿನ ಅಂಗಡಿ ಕಂಡಿತು. ನೀರು ಕೇಳಲು ಅಲ್ಲಿ ನಿಂತೆವು.

ನೀರು ತಂದುಕೊಟ್ಟವರು ಬ್ಯಾಂಡಿನ ಮಾಸ್ತರರು. ಸೀನಿನ ನಡುವೆ ನಾನು "ಅಯ್ಯೋ ಶಿವನೇ" ಅಂದದ್ದೇ ತಡ, ಅವರ ಮುಖ ಅರಳಿತು.

"ಬಾಯಾರ, ಕನ್ನಡದವರೇನ್ರಿ? ನಮ್ಮದು ಸೊಲ್ಲಾಪುರದ ಕಡೀದ. ಬರ್ರಿ, ಒಳಗ ಕುಂದರ್ರಿ."

ಒಳಗೆ ಗೋಡೆಯ ಮೇಲೆ ಒಂದು ವಿಚಿತ್ರ ವಸ್ತು ನೇತುಬಿದ್ದಿತ್ತು. ಹಿತ್ತಾಳೆಯ ದಪ್ಪ ಕೊಳವೆ ಕೆಳಗೆ ಹೋಗಿ ಮಡಚಿಕೊಂಡು ಮತ್ತೆ ಮೇಲೆ ಬಂದಿದೆ, ಮೇಲೆ ಗಂಟೆಯ ಹಾಗೆ ಬಾಯಿ. ಮೈತುಂಬ ಲೋಟದ ಬಾಯಿಯಷ್ಟು ತೂತುಗಳು, ಅವಕ್ಕೆ ಮುಚ್ಚಳಗಳು. ಅರ್ಧ ಮುಚ್ಚಳಗಳು ಬಿದ್ದುಹೋಗಿವೆ, ಬುಡ ಹರಿದಿದೆ. ಅದರ ಹೆಸರು ಓಫಿಕ್ಲೈಡ್ ಅಂತ ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿ ಹೇಳಿದಳು. ಹಿಂದೆ ಇದು ಎಲ್ಲ ಕಡೆ ಇತ್ತಂತೆ. ಆಮೇಲೆ ಗುಂಡಿ ಒತ್ತಿ ನುಡಿಸುವ, ದಪ್ಪ ಧ್ವನಿಯ ಹೊಸ ಬಾಸ್ ವಾದ್ಯಗಳು ಬಂದವು, ಇದನ್ನು ಯಾರೂ ಕೇಳಲಿಲ್ಲ.

"ನಮ್ಮಜ್ಜ ಕಾಮಠಿ ಪಲ್ಟನ್ನಿನ ಬ್ಯಾಂಡ್‌ನ್ಯಾಗ ಊದತಿದ್ದ," ಎಂದರು ಮಾಸ್ತರರು. "ನಾ ಒಂದು ಸಲಾನೂ ಇದರ ಧ್ವನಿ ಕೇಳಿಲ್ಲರಿ."

ಮಾತಿಗೆ ಮಾತು ಬೆಳೆದು ಅವರ ಕಷ್ಟವೂ ಹೊರಬಂತು. ಮಾಸ್ತರರು ನುಡಿಸುವುದು ದೊಡ್ಡ ಬಾಸ್, ಹೆಗಲಿಗೆ ಹೊತ್ತು ನಡೆಯುವ ಭಾರದ ವಾದ್ಯ. ಅವರ ಬಲಭುಜದ ಕೀಲು ಸವೆದಿದೆ. ಭಾರ ಹೊರಲೇಬಾರದೆಂದು ರಾಮದಾಸಪೇಠದ ಡಾಕ್ಟರು ಹೇಳಿದ್ದಾರೆ. ಕಳೆದ ಮದುವೆ ಹಂಗಾಮಿನಲ್ಲಿ ಜನರೇಟರಿನ ಗಾಡಿಯ ಮೇಲೆ ಕೂತು ನುಡಿಸಿದರಂತೆ. ಕಾರ್ನೆಟ್ ಊದುವ ಹುಡುಗರು, "ಮಾಸ್ತರ್, ಲಗ್ನ ನಿಮ್ಮದೇನ್ರಿ?" ಎಂದು ದಾರಿಯುದ್ದ ಕಾಡಿದ್ದಾರೆ.

"ನಗೂದು ಇರಲಿ ಬಿಡ್ರಿ," ಎಂದರು. "ಕುಂತು ಊದಿದರ ನನ್ನ ತಾಳ ತಪ್ಪತದ. ಬಾಸ್ ನಡಿಗಿ ಮ್ಯಾಲೆ ನಿಂತಿರತದ. ಈ ಹಂಗಾಮಿಗೆ ನಡೀಲಿಕ್ಕೆ ಆಗಲಿಲ್ಲಂದ್ರ ನನ್ನ ಜಾಗಾ ಅಳಿಯಗ ಕೊಟ್ಟು ಅಂಗಡ್ಯಾಗ ಫೋನ್ ಎತಗೋತ ಕುಂದರೂದ."

ಮೊಮ್ಮಗಳು ಗೋಡೆಯ ವಾದ್ಯದಿಂದ ಕಣ್ಣು ಕೀಳದೆಯೇ ಕೇಳಿದಳು: "ಅಂಕಲ್, ಇದರ ಅಳತೆ ತಗೊಳ್ಳಲಾ? ಪ್ಲಾಸ್ಟಿಕ್‌ನ್ಯಾಗ ಮಾಡ್ತೀನಿ, ಬಾಸಿನ ಬದಲಿ ಊದಲಿಕ್ಕೆ. ಏಕದಂ ಹಗುರ ಆಗತದ, ಖರ್ಚೂ ಕಮ್ಮಿ."

"ಪ್ಲಾಸ್ಟಿಕ್? ನನ್ನ ಕೈಲೆ ಬಕೀಟು ಊದಸ್ತಿ ಏನವಾ?" ಎಂದು ನಕ್ಕರು ಮಾಸ್ತರರು. ನಕ್ಕರೂ ಏಣಿ ತಂದು ವಾದ್ಯವನ್ನು ಇಳಿಸಿಕೊಟ್ಟರು.

ಅವಳ ಕಾಲೇಜಿನಲ್ಲಿ ಪ್ಲಾಸ್ಟಿಕ್ಕಿನ ವಸ್ತು ಮಾಡುವ ಒಂದು ಯಂತ್ರವಿದೆ. ನಾನು ಹಠ ಮಾಡಿ ನೋಡಲು ಹೋದೆ. ಏನೆಂದು ಹೇಳಲಿ! ನಾವು ಚಕ್ಕುಲಿ ಒತ್ತುವ ಹಾಗೆ ಅದು ಬಿಸಿ ಪ್ಲಾಸ್ಟಿಕ್ಕಿನ ಎಳೆ ಬಿಡುತ್ತದೆ, ಸುತ್ತಿನ ಮೇಲೆ ಸುತ್ತು. ನೋಡನೋಡುತ್ತ ಕೊಳವೆ ಮೇಲೇಳುತ್ತದೆ. ಕೈ ಹಾಕುವವರಿಲ್ಲ, ಬೈಯುವವರಿಲ್ಲ. ಆ ಪ್ಲಾಸ್ಟಿಕ್ಕನ್ನು ಮೆಕ್ಕೆಜೋಳದಿಂದ ತೆಗೆಯುತ್ತಾರಂತೆ. "ಹಂಗಾರ ಇದು ಹಪ್ಪಳದ ಜಾತಿ," ಎಂದೆ. ಅಲ್ಲಿದ್ದ ಹುಡುಗಿಯರು ಬಿದ್ದುಬಿದ್ದು ನಕ್ಕರು.

ತುಂಡುತುಂಡು ಮಾಡಿ ಅಂಟಿಸಿದಳು. ಮುಚ್ಚಳಗಳ ಕೆಳಗೆ ಗಾಳಿ ಸೋರದ ಹಾಗೆ ಮೆತ್ತನೆಯ ಬಿಲ್ಲೆ ಬೇಕಿತ್ತು, ನನ್ನ ಹಳೆಯ ರೆಕ್ಸಿನ್ ಚೀಲವನ್ನು ಕತ್ತರಿಸಿಕೊಟ್ಟೆ. ಆದರೆ ನನಗೊಂದು ಸಂಶಯ. "ಹಿತ್ತಾಳಿ ಇಲ್ಲದ ಹಿತ್ತಾಳಿ ಧ್ವನಿ ಎಲ್ಲಿಂದ ಬರತದ?" ಎಂದು ಕೇಳಿದೆ.

"ಅಜ್ಜಿ, ಧ್ವನಿ ಹಿತ್ತಾಳ್ಯಾಗ ಇಲ್ಲ. ತುಟಿ ನಡಗತಾವ, ಒಳಗಿನ ಗಾಳಿ ನಡಗತದ. ಕೊಳವಿ ಬರೇ ಗಾಳಿಗೆ ಆಕಾರ ಕೊಡತದ, ಬಸ್."

ರಾತ್ರಿ ಊಟ ಮಾಡುವಾಗಲೂ ಅದೇ ಯೋಚನೆ. ಹಾಗಾದರೆ ಇಷ್ಟು ದಿನ ನಾವು ಕೇಳಿದ್ದೆಲ್ಲ ಗಾಳಿಯನ್ನೇ? ತುಟಿ ಬಿಗಿಹಿಡಿದು ಊದಿ ನೋಡಿದೆ, ಎಮ್ಮೆ ಮೂಗು ಸೀಟಿದ ಹಾಗೆ ಸದ್ದು ಬಂತು. ಯಜಮಾನರು ಪಲ್ಯದ ಬಟ್ಟಲನ್ನು ದೂರ ಸರಿಸಿಕೊಂಡರು.

ವಾದ್ಯ ಮುಗಿದ ದಿನ ಮಾಸ್ತರರು ತಮ್ಮ ಬಾಸಿನ ಬಾಯಿತುದಿ ಕಿತ್ತು ಇದಕ್ಕೆ ಸಿಕ್ಕಿಸಿದರು. ಮೊದಲು ಬರೀ ಉಸಿರು. ಆಮೇಲೊಂದು ಬುರ್ರ್. ಆಮೇಲೆ ಬಂತು ನೋಡಿ! ದಪ್ಪಗೆ, ದುಂಡಗೆ, ಒಳ್ಳೆಯ ಗಂಟಲಿನ ಗಂಡಸು ಪಕ್ಕದ ಕೋಣೆಯಲ್ಲಿ ಹಾಡಿದ ಹಾಗೆ. ಮಾಸ್ತರರು ಊದುವುದನ್ನು ನಿಲ್ಲಿಸಿ ಗೋಡೆಯ ಮೇಲಿನ ಅಜ್ಜನ ವಾದ್ಯದ ಕಡೆ ನೋಡಿದರು. ಹೆಗಲಿನ ಪಟ್ಟಿಯನ್ನು ಬೆರಳಿನಿಂದ ಎತ್ತಿ ಬಿಟ್ಟರು.

"ಹೆಗಲಮ್ಯಾಲೆ ಐತೋ ಇಲ್ಲೋ ಗೊತ್ತ ಆಗವಲ್ದು," ಎಂದರು.

ಎರಡು ದಿನಕ್ಕೇ ಫೋನು ಬಂತು. "ಬಾಯಾರ, ಹುಡುಗೀನ್ನ ಕರಕೊಂಡು ಜಲ್ದಿ ಬರ್ರಿ."

ಹೋಗಿ ನೋಡಿದರೆ ವಾದ್ಯ ಬಾಡಿದ ಬದನೆಕಾಯಿಯಾಗಿದೆ. ಬ್ಯಾಂಡಿನವರದೊಂದು ಪದ್ಧತಿ: ಹಿತ್ತಾಳೆ ಕಾದರೆ ಸ್ವರ ಏರುತ್ತದೆ, ಆದ್ದರಿಂದ ಮೆರವಣಿಗೆಗೆ ಮೊದಲು ಎಲ್ಲ ವಾದ್ಯಗಳನ್ನೂ ಒಟ್ಟಿಗೆ ತಗಡಿನ ಮೇಲೆ ಬಿಸಿಲಿಗೆ ಇಡುತ್ತಾರೆ. ಎಲ್ಲದರ ಸ್ವರವೂ ಒಂದೇ ಮಟ್ಟಕ್ಕೆ ಏರಲಿ ಎಂದು. ಮಾಸ್ತರರು ಇದನ್ನೂ ಪಂಕ್ತಿಯಲ್ಲಿ ಇಟ್ಟಿದ್ದರು. ನಾಗಪುರದ ಬಿಸಿಲು, ಜೋಳದ ಪ್ಲಾಸ್ಟಿಕ್ಕು! ಗಂಟೆಬಾಯಿ ಒಂದು ಕಡೆ ಜೋತಿತ್ತು, ಒಂದು ಮುಚ್ಚಳವೂ ತೂತಿಗೆ ಕೂಡುತ್ತಿರಲಿಲ್ಲ.

"ನಾಳಿದ್ದು ಹಂಗಾಮಿನ ಪಹಿಲಾ ಬರಾತ್. ನಾ ನಡದ ಹೋಗತೀನಂತ ಎಲ್ಲಾರಿಗೂ ಹೇಳೀನಿ," ಎಂದು ತಲೆಯ ಮೇಲೆ ಕೈಹೊತ್ತು ಕೂತಿದ್ದರು. "ನಿನ್ನ ಮಾರಿ ಹೆಂಗ ನೋಡಲವಾ?"

ಮೊಮ್ಮಗಳು ಅದನ್ನು ಎತ್ತಿ ಹಿಂದೆಮುಂದೆ ತಿರುಗಿಸಿ ನೋಡಿದಳು. ಆಮೇಲೆ ನಕ್ಕಳು! "ಅಂಕಲ್, ಟೆನ್ಶನ್ ಬ್ಯಾಡ್ರಿ. ಅಳತೆ ಎಲ್ಲಾ ಕಂಪ್ಯೂಟರ್‌ನ್ಯಾಗ ಐತಿ. ಬಿಸಿಲು ತಡಕೊಳ್ಳೋ ಪ್ಲಾಸ್ಟಿಕ್ ಬ್ಯಾರೇ ಸಿಗತದ. ಇನ್ನೊಂದು ಮಾಡೋಣು."

ಹಿತ್ತಾಳೆಯದಾಗಿದ್ದರೆ ಆ ಮನುಷ್ಯ ಎದೆಯೊಡೆದು ಹೋಗುತ್ತಿದ್ದರು. ವಸ್ತು ಕೆಟ್ಟರೂ ವಸ್ತು ಉಳಿಯುತ್ತದೆ ಎಂಬುದು ನನ್ನ ತಲೆಯೊಳಗೆ ಇಂದಿಗೂ ಪೂರ್ತಿ ಇಳಿದಿಲ್ಲ. ಅವಳು ಮತ್ತು ಗೆಳತಿಯರು ಕಾಲೇಜಿನ ಯಂತ್ರಗಳನ್ನೆಲ್ಲ ಹಿಡಿದು ಕೂತರು. ನಾನು ಊಟದ ಡಬ್ಬಿ ಹೊತ್ತು ಹೋಗಿಬಂದೆ.

ಬರಾತಿನ ಸಂಜೆ ವರನ ಮೆರವಣಿಗೆಗೆ ನಮ್ಮನ್ನು ಯಾರೂ ಕರೆದಿರಲಿಲ್ಲ. ಆದರೂ ರೇಷ್ಮೆ ಸೀರೆ ಉಟ್ಟು ಹೋದೆ. ಹೊಸ ವಾದ್ಯದ ಬಣ್ಣ ಬೂದಿ, ನೋಡಲಿಕ್ಕೆ ನಲ್ಲಿಯ ಪೈಪು. ವರನ ಮಾವನೊಬ್ಬ, "ಯೇ ಕ್ಯಾ ಹೈ ಭಾಯ್, ಪ್ಲಂಬರ್ ಕೋ ಬುಲಾಯಾ ಕ್ಯಾ?" ಎಂದು ಕೂಗಿದ, ನಲ್ಲಿ ರಿಪೇರಿಯವನನ್ನು ಕರೆಸಿದಿರೇನು ಅಂತ. ಕಾರ್ನೆಟ್ಟಿನ ಹುಡುಗರೂ ಕಿಸಕ್ಕೆಂದರು. ಮೊಮ್ಮಗಳು ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಳೆಂದರೆ ಬಳೆ ಒತ್ತಿ ಗುರುತಾಯಿತು. ಅಂಗಡಿಯೊಳಗೆ ಕೇಳಿದ್ದು ಬೇರೆ. ಇಲ್ಲಿ ಢೋಲು, ಜನರೇಟರು, ಹಾರ್ನು.

ಬ್ಯಾಂಡು ಹೊರಟಿತು. ಮೊದಲಿಗೆ ನನಗೆ ಢೋಲು ಬಿಟ್ಟು ಏನೂ ಕೇಳಿಸಲಿಲ್ಲ. ಆಮೇಲೆ ಗೊತ್ತಾಯಿತು, ನಮ್ಮ ವಾದ್ಯ ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತಿತ್ತು. ಕಾರ್ನೆಟ್ಟುಗಳ ಕೆಳಗೆ, ಢೋಲಿನ ಪಕ್ಕದಲ್ಲಿ, ಹೆಜ್ಜೆಹೆಜ್ಜೆಗೂ ಇತ್ತು. ಹುಡುಗರು ನಗುವುದು ಬಿಟ್ಟು ಅದಕ್ಕೆ ಕಾಲು ಕೂಡಿಸಿ ನಡೆದರು.

ನಾನು ಮಾಸ್ತರರ ಮಗ್ಗುಲಲ್ಲೇ ಓಡುತ್ತಿದ್ದೆ. "ಭುಜ ಹೆಂಗೈತ್ರಿ?" ಎಂದು ಕೂಗಿದೆ. ಬಾಯಿತುಂಬ ವಾದ್ಯ, ಅವರು ಉತ್ತರ ಕೊಡುವುದು ಹೇಗೆ? ಹುಬ್ಬು ಏರಿಸಿದರು. ಮಂಗಲ ಕಾರ್ಯಾಲಯದ ತಿರುವು ಬಂದಾಗ ಅರೆಕ್ಷಣ ಬಾಯಿ ತೆಗೆದರು.

"ಬಾಯಾರ, ಬಾಜೂಕ ಸರೀರಿ. ನಾ ತಿರಗಬೇಕು, ಹಿಂದಿನವರು ನನ್ನ ನೋಡಿ ತಿರಗತಾರ."