ಕಪ್ಪೆ ಡಾಕ್ಟರ ಬೂಟು

ಕಪ್ಪೆ ಡಾಕ್ಟರೆಂದೇ ಹೆಸರಾದ ಈ ಸಂಶೋಧಕರು ಯಾವ ಕೊಳಕ್ಕೇ ಆಗಲಿ, ಇಳಿಯುವ ಮೊದಲು ಬೂಟುಗಳನ್ನು ಔಷಧಿ ನೀರಿನಲ್ಲಿ ಅದ್ದಿ ಉಜ್ಜುತ್ತಾರೆ, ಮೇಲೆ ಬಂದು ಮತ್ತೆ ಉಜ್ಜುತ್ತಾರೆ. ಒಂದೊಂದು ಕಪ್ಪೆ ಮುಟ್ಟಲು ಒಂದೊಂದು ಜೊತೆ ಕೈಗವಸು. "ಒಂದೇ ಕಲ್ಲಿನಡಿ ಒತ್ತಿಕೊಂಡು ಮಲಗ್ತಾವಲ್ಲ, ಕಪ್ಪೆಗಳನ್ನ ಕೊಲ್ಲೋ ಶಿಲೀಂಧ್ರ ಚರ್ಮದಿಂದ ಚರ್ಮಕ್ಕೆ ದಾಟೋದೇ ಹಾಗೆ. ಬಿಸಿಲಲ್ಲಿ ಮೈ ಕಾಯಿಸಿಕೊಳ್ಳೋ ಒಂಟಿಗಳು ಎಷ್ಟೋ ಸಲ ಉಳ್ಕೊಳ್ತಾವೆ. ಕೊಳದಿಂದ ಕೊಳಕ್ಕೆ ಅದನ್ನ ಹೊತ್ತೊಯ್ಯೋದು ನಮ್ಮ ಬೂಟೇ," ಎಂದು ಹಾಲಿನವನಿಗೂ ಪಾಠ ಹೇಳುತ್ತಾರೆ. ಮದುವೆ ಮನೆಯಲ್ಲೂ ನೆಂಟರ ಗುಂಪು ಬಿಟ್ಟು ಬಿಸಿಲು ಬೀಳುವ ಕಿಟಕಿ ಹುಡುಕಿಕೊಂಡು ಹೋಗಿ ಕೂರುತ್ತಾರೆ. "ರೀ, ನಿಮಗಿಂತ ನಿಮ್ಮ ಬೂಟಿಗೇ ಸ್ನಾನ ಜಾಸ್ತಿ ಆಯ್ತು," ಎಂದು ಹೆಂಡತಿ ಮೂದಲಿಸಿದರೆ, "ನನ್ನ ಮೈ ಕೊಳೆಯಿಂದ ಯಾರೂ ಸಾಯಲ್ಲ ಕಣೇ," ಎನ್ನುತ್ತಾರೆ. ಮೊನ್ನೆ ಒಂದು ಕೊಳದ ಕೆಲಸ ಮುಗಿಸಿದ ಶಿಷ್ಯೆ, "ಸರ್, ಪಕ್ಕದ ಕೊಳ ನೂರು ಹೆಜ್ಜೆ ಅಷ್ಟೇ, ಹಾಗೇ ಹೋಗಿಬಿಡೋಣ," ಎಂದಳು. ಅವರು ಗದರಲಿಲ್ಲ. ಬ್ರಷ್ಷನ್ನು ಅವಳ ಕೈಗಿತ್ತು, ಆಚೆ ಒಂದು ಕಪ್ಪೆಯ ಕೂಗೂ ಇಲ್ಲದೆ ಬಿದ್ದಿದ್ದ ಮೂರನೆಯ ಕೊಳವನ್ನು ತೋರಿಸಿದರು. "ಇಪ್ಪತ್ತು ವರ್ಷದ ಹಿಂದೆ ಅಲ್ಲಿಗೆ ನಾನು ಹಾಗೇ ಹೋಗಿದ್ದೆ," ಎಂದರು. ಪಕ್ಕದ ಕೊಳದ ಕಪ್ಪೆಗಳು ಸಂಜೆಯ ಕೂಗು ಶುರು ಮಾಡಿದಾಗಲೂ ಅವಳಿನ್ನೂ ಬೂಟು ಉಜ್ಜುತ್ತಲೇ ಇದ್ದಳು.