ಹಗ್ಗದ ಮೇಲೆ ಇಂಗ್ಲಿಷ್, ತಲೆಯ ಮೇಲೆ ಸಿಂಬಿ

ಕಳವಾ ಎಂಬ ಊರಿನ ಚಾಳಿನಲ್ಲಿ ಒಂದು ಖೋಲಿ. ಬೆಳಕು ಹರಿಯುವ ಹೊತ್ತಿಗೆ ಪುಷ್ಪಾವತಿ ಬಟ್ಟೆ ಒಣಹಾಕುವ ಹಗ್ಗಕ್ಕೆ ರಟ್ಟಿನ ಚೂರುಗಳನ್ನು ಕ್ಲಿಪ್ ಹಾಕಿ ತೂಗಿಸುತ್ತಿದ್ದಾರೆ. ನಡುವೆ ‘ಓಪನ್’ ಎಂಬ ಮೂಲಪದ, ಮುಂದೆ ‘ಅನ್’, ಹಿಂದೆ ‘ಎಡ್’, ಎಲ್ಲವೂ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ.

ಉಡುಪಿ ಕಡೆಯ ಪುಷ್ಪಾವತಿ ಹತ್ತಿರದ ಹೋಟೆಲಿನಲ್ಲಿ ಚಟ್ನಿ ರುಬ್ಬುತ್ತಾರೆ. ಗಂಡ ಹೋದ ಮೇಲೆ ಸಂಸಾರ ನಡೆದದ್ದು ಅದರಿಂದಲೇ. ಮಗಳು ಜ್ಯೋತ್ಸ್ನಾ ಇಂಗ್ಲಿಷ್ ಶಾಲೆಗೆ ಹೋಗುವಾಗ ಪಕ್ಕದಲ್ಲಿ ಕೂತು ಕಲಿತದ್ದನ್ನು ಈಗ ಓಣಿಯ ಕೂಲಿ ಹೆಂಗಸರಿಗೆ ಕಲಿಸುತ್ತಾರೆ. ಫೀಸಿನ ಮಾತೆತ್ತಿದರೆ ಸಿಡುಕುತ್ತಾರೆ.

ಇವತ್ತು ಎದುರಿಗೆ ಕೂತವಳು ಕಲಬುರಗಿಯ ಕಾಂಚನಾ. ರಬಾಳೆಯ ಗೋದಾಮಿನಲ್ಲಿ ಹೊರೆ ಹೊತ್ತು ಹೊತ್ತು ಅವಳ ಸೊಂಟ ಹಿಡಿದುಕೊಂಡಿದೆ. ಗಿರಾಕಿಗಳು ವಾಪಸು ಕಳಿಸಿದ ಪೆಟ್ಟಿಗೆಗಳನ್ನು ಚೀಟಿ ಓದಿ, ತೆರೆದದ್ದು ಬೇರೆ ತೆರೆಯದ್ದು ಬೇರೆ ಮಾಡುವ ಕೆಲಸ ಕೊಡಲು ಕೂಲಿಗಳ ಮೇಲ್ವಿಚಾರಕ ಮುಕಾದಮ ಒಪ್ಪಿದ್ದಾನೆ. ಅದಕ್ಕೆ ಇವತ್ತೇ ಪರೀಕ್ಷೆ. ಹೋದ ಸಲ ಅವಳು ಎರಡನ್ನೂ ಒಂದೇ ರಾಶಿಗೆ ಹಾಕಿದ್ದಳು. ಈ ಸಲವೂ ತಪ್ಪಿದರೆ ಮತ್ತೆ ಹೊರೆಯೇ ಗತಿ.

ಅವಳು ತಪ್ಪಿದ್ದೇಕೆ ಎಂದು ಪುಷ್ಪಾವತಿಯಿಂದ ತಿಳಿದಾಗ, ಈ ಪಾಠ ನೋಡಿ ಬರೆಯಲು ಬಂದ ನನಗೆ ಮಜಾ ಅನ್ನಿಸಿತು. ನಮ್ಮ ಮಾತಿನಲ್ಲಿ ಇಲ್ಲ, ಬೇಡ ಎಲ್ಲ ಕೊನೆಗೆ ಬರುತ್ತವೆ. ಕಾಂಚನಾ ಇಂಗ್ಲಿಷಿನಲ್ಲೂ ಅದನ್ನು ಪದದ ಬಾಲದಲ್ಲೇ ಹುಡುಕುತ್ತಿದ್ದಳು. ಅಲ್ಲಿ ‘ಇಲ್ಲ’ ಎನ್ನುವ ‘ಅನ್’ ಪದದ ತಲೆಯ ಮೇಲೆ ಕೂತಿರುತ್ತದೆ.

“ಎಷ್ಟು ಹೇಳಿದ್ರೂ ಇವಳಿಗೆ ಗೊತ್ತಾಗ್ಲಿಲ್ಲ,” ಎನ್ನುತ್ತಾರೆ ಪುಷ್ಪಾವತಿ. “ಒಂದು ದಿನ ಗೋಣಿ ಎತ್ತುದು ನೋಡಿದೆ. ಮೊದಲು ತಲೆಗೆ ಸಿಂಬಿ ಇಡ್ತಾಳೆ, ಮತ್ತೆ ಹೊರೆ. ಇಂಗ್ಲಿಷೂ ಹೀಗೇ ಅಲ್ವಾ ಮಾರಾಯ್ತಿ ಅಂದೆ.”

ಅಂದಿನಿಂದ ಹಳೆ ಸೀರೆ ಸುತ್ತಿ ಮಾಡಿದ ಆ ಸಿಂಬಿಯೇ ಪಾಠದ ಸಾಮಾನು. ಪದ ಕಂಡೊಡನೆ ಕಾಂಚನಾ ತನ್ನ ತಲೆ ಮುಟ್ಟಿಕೊಂಡು, ಪದದ ತಲೆಯ ಮೇಲೆ ಏನಿದೆ ಎಂದು ನೋಡಬೇಕು. ಇಂಗ್ಲಿಷಿನಲ್ಲಿ ಅದೇ ‘ಅನ್’ ಅಕ್ಷರಗಳಿಂದ ಶುರುವಾಗುವ ‘ಅಂಕಲ್’ ಪದದ ತಲೆಯ ಮೇಲೂ ಸಿಂಬಿ ಇದೆಯೇ ಎಂದು ಅವಳ ಅನುಮಾನ. ಸಿಂಬಿ ತೆಗೆದರೆ ಕೆಳಗೊಂದು ಪದ ಉಳಿಯಬೇಕು, ಅಲ್ಲಿ ಅಂಥ ಪದವೇ ಉಳಿಯುವುದಿಲ್ಲ ಎಂದು ಪುಷ್ಪಾವತಿ ನಗುತ್ತಾರೆ. ನಾಮಪದ, ಕ್ರಿಯಾಪದಗಳು ಇಷ್ಟು ಕಾಡಲಿಲ್ಲವಂತೆ. ಲೋಡ್ ಬಂತು ಎಂದರೆ ಅದು ವಸ್ತು, ಲೋಡ್ ಮಾಡು ಎಂದರೆ ಕೆಲಸ. ಅದು ಕಾಂಚನಾಳ ದಿನದ ಪಾಡೇ ಆಗಿದೆ.

ಅವಳು ಶೇರ್ ರಿಕ್ಷಾ ಹತ್ತಿ ಹೋದ ಮೇಲೆ ಹೋಟೆಲಿನ ಅಡುಗೆಮನೆಯಲ್ಲಿ ಪುಷ್ಪಾವತಿಯ ಕಣ್ಣೆಲ್ಲ ಫೋನಿನ ಮೇಲೆ. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಮಧ್ಯಾಹ್ನ ಫೋನ್ ಬಡಿದುಕೊಂಡಿತು, ಆ ಕಡೆ ಕಾಂಚನಾ.

“ಒಂದೊಂದ್ ಪೆಟಗಿಗೂ ತಲಿ ಮುಟ್ಕೊಂಡೆ ಅಕ್ಕಾರ. ತಲಿ ನೋಯ್ತದೇನ ಅಂತ ಮುಕಾದಮ ಕೇಳಿದ. ಒಂದೂ ತಪ್ಪಲಿಲ್ಲ. ನಾಳಿಂದ ಚೀಟಿ ಕೆಲಸ.”

ಸಿಂಬಿ ಖೋಲಿಯಲ್ಲೇ ಉಳಿದಿದೆ, ಬಂದು ತೆಗೆದುಕೊಂಡು ಹೋಗು ಎಂದರು ಪುಷ್ಪಾವತಿ.

“ನನಗ ಇನ್ನ ಅದು ಬ್ಯಾಡ್ರಿ ಅಕ್ಕಾರ.”

ಪುಷ್ಪಾವತಿ ಫೋನಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು, ಮತ್ತೆ ಚಟ್ನಿಗೆ ಕಾಯಿ ತುರಿಯಲು ಕೂತರು. ಪಕ್ಕದ ಖೋಲಿಯ ಮಾನಮ್ಮನೂ ಹೊರೆ ಹೊರುವವಳೇ, ನಾಳೆಯಿಂದ ಕಲಿಯಲು ಬರುತ್ತಾಳಂತೆ.

“ಸಿಂಬಿ ಇರ್ಲಿ,” ಎಂದರು. “ಅವಳೂ ಒಂದು ದಿನ ತನ್ನದನ್ನ ಖೋಲಿಯಲ್ಲೇ ಬಿಟ್ಟು ಹೋದ್ರೆ ಸಾಕು.”